ಹಳೆಯ ಲೇಟೆಕ್ಸ್ ಮುಖವಾಡ: ಕತ್ತಿನ ಮೇಲಿರುವ ಇಸವಿಯನ್ನು ಎಷ್ಟು ನಂಬಬಹುದು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಯೂನಿವರ್ಸಲ್ ಸಂಸ್ಥೆಯ ಹಳೆಯ ಭಯಾನಕ ಚಿತ್ರಗಳ ಪಾತ್ರಗಳನ್ನು ಆಧರಿಸಿದ ಲೇಟೆಕ್ಸ್ ಮುಖವಾಡಗಳನ್ನು ಸಂಗ್ರಹಿಸಲು ಇತ್ತೀಚೆಗೆ ಆರಂಭಿಸಿದ್ದೇನೆ. ಇದುವರೆಗೆ ಕೊಂಡವೆಲ್ಲ ಈಚಿನ ವರ್ಷಗಳಲ್ಲಿ ತಯಾರಾದವೇ. ಈಗ ಮಾರಾಟಗಾರರೊಬ್ಬರು ಫ್ರಾಂಕೆನ್‌ಸ್ಟೈನ್‌ನ ದೈತ್ಯನ ಮುಖವಾಡವೊಂದನ್ನು ತೋರಿಸಿ, ಅದು ಅಮೆರಿಕದ ಮುಖವಾಡ ತಯಾರಿಕಾ ಸಂಸ್ಥೆ ಡಾನ್ ಪೋಸ್ಟ್ ಸ್ಟುಡಿಯೋಸ್ 1960ರ ದಶಕದಲ್ಲಿ ತಯಾರಿಸಿದ ಮೂಲಪ್ರತಿ ಎಂದು ಹೇಳುತ್ತಿದ್ದಾರೆ. ಕತ್ತಿನ ಹಿಂಬದಿಯಲ್ಲಿ ಸಂಸ್ಥೆಯ ಹೆಸರೂ ಇಸವಿಯೂ ಉಬ್ಬಾಗಿ ಮೂಡಿವೆ. ಕತ್ತಿನ ಅಂಚು ಗಟ್ಟಿಯಾಗಿದ್ದು, ಅಲ್ಲಲ್ಲಿ ಬಿರುಕು ಬಿಟ್ಟಿದೆ. ಆದರೆ ಮುಖದ ಬಣ್ಣ ಮಾತ್ರ ನಿನ್ನೆ ಮೊನ್ನೆ ಹಚ್ಚಿದಂತಿದೆ. ಒಳಗೆ ಗಟ್ಟಿಯಾದ ಫೋಮ್ ತುಂಬಿಸಲಾಗಿದೆ.

ಇಸವಿ ಮುದ್ರಿತವಾಗಿದೆ ಎಂಬ ಒಂದೇ ಕಾರಣಕ್ಕೆ ಇದನ್ನು ಆ ಕಾಲದ್ದೆಂದು ಒಪ್ಪಬಹುದೇ? ಬಣ್ಣ ಇಷ್ಟು ಹೊಸದಾಗಿರುವುದನ್ನು ಗುಣವೆಂದು ಎಣಿಸಬೇಕೋ ದೋಷವೆಂದೋ? ಕೊಂಡರೆ, ಇನ್ನಷ್ಟು ಹಾಳಾಗದಂತೆ ಇಡುವುದು ಹೇಗೆ?

ಮೊದಲ ಉತ್ತರ

ಇಸವಿಯ ಪ್ರಶ್ನೆಗೆ ನೇರ ಉತ್ತರ ಕೊಡುತ್ತೇನೆ: ಒಪ್ಪಲಾಗದು. ಆ ಅಂಕಿ ಸಾಮಾನ್ಯವಾಗಿ ಶಿಲ್ಪದ ಹಕ್ಕುಸ್ವಾಮ್ಯದ ವರ್ಷವನ್ನು ಹೇಳುತ್ತದೆಯೇ ಹೊರತು ನಿಮ್ಮ ಕೈಯಲ್ಲಿರುವ ಪ್ರತಿ ಅಚ್ಚಿನಿಂದ ಹೊರಬಂದ ವರ್ಷವನ್ನಲ್ಲ. ಜೇಡಿಮಣ್ಣಿನಲ್ಲಿ ಒಮ್ಮೆ ಮುಖವನ್ನು ರೂಪಿಸಿ, ಅದರಿಂದ ಪ್ಲಾಸ್ಟರ್ ಅಚ್ಚು ತೆಗೆದ ಮೇಲೆ, ಮಾರುಕಟ್ಟೆಯಲ್ಲಿ ಬೇಡಿಕೆ ಇರುವಷ್ಟು ಕಾಲ ಅದೇ ಶಿಲ್ಪದಿಂದ ಪ್ರತಿಗಳನ್ನು ತೆಗೆಯುತ್ತಲೇ ಇರಬಹುದು. ಉಬ್ಬಕ್ಷರಗಳು ಅಚ್ಚಿನಲ್ಲೇ ಇರುವುದರಿಂದ ಪ್ರತಿಯೊಂದರ ಮೇಲೂ ಅದೇ ವರ್ಷ ಮೂಡುತ್ತದೆ.

ಅದಕ್ಕಿಂತ ದೊಡ್ಡ ತೊಡಕು ರೀಕಾಸ್ಟ್‌ಗಳದ್ದು. ಯಾರೋ ಒಂದು ಮೂಲ ಮುಖವಾಡವನ್ನೇ ಮಾದರಿಯಾಗಿ ಇಟ್ಟುಕೊಂಡು, ಅದರ ಮೇಲೆ ಹೊಸ ಅಚ್ಚು ತೆಗೆದು ಪ್ರತಿ ಮಾಡಿದರೆ, ಸಂಸ್ಥೆಯ ಹೆಸರೂ ಇಸವಿಯೂ ಜೊತೆಯಲ್ಲೇ ನಕಲಾಗುತ್ತವೆ. ಹಾಗಾಗಿ ಅಕ್ಷರಗಳು ಇವೆಯೇ ಎಂದು ನೋಡುವುದಕ್ಕಿಂತ ಅವು ಹೇಗಿವೆ ಎಂದು ನೋಡುವುದು ಮುಖ್ಯ. ನಕಲಿನ ನಕಲಿನಲ್ಲಿ ಅಕ್ಷರಗಳ ಅಂಚು ಮೊಂಡಾಗಿರುತ್ತದೆ, ಹುಬ್ಬಿನ ಸುಕ್ಕುಗಳೂ ಹೊಲಿಗೆಯ ಗುರುತುಗಳೂ ಮಸುಕಾಗಿರುತ್ತವೆ. ಲೇಟೆಕ್ಸ್ ಒಣಗುವಾಗ ತುಸು ಕುಗ್ಗುವ ವಸ್ತುವಾದ್ದರಿಂದ, ಕುಗ್ಗಿದ ಪ್ರತಿಯಿಂದ ತೆಗೆದ ಅಚ್ಚಿನಲ್ಲಿ ಎರಕಗೊಂಡದ್ದು ಮತ್ತೊಮ್ಮೆ ಕುಗ್ಗಿ, ಮೂಲಕ್ಕಿಂತ ಚಿಕ್ಕದಾಗುತ್ತದೆ. ನೆತ್ತಿಯಿಂದ ಗಲ್ಲದವರೆಗಿನ ಮತ್ತು ಕಿವಿಯಿಂದ ಕಿವಿಗಿರುವ ಅಳತೆಗಳನ್ನು ಮಾರಾಟಗಾರರಿಂದ ಕೇಳಿ ಪಡೆದು, ಖಚಿತವಾದ ಮೂಲಪ್ರತಿಯೊಂದರ ಅಳತೆಯೊಡನೆ ಹೋಲಿಸಿ. ಆದರೆ ದಶಕಗಳ ಕಾಲ ಆಧಾರವಿಲ್ಲದೆ ಇದ್ದ ಮೂಲಪ್ರತಿಯೂ ಸೊರಗಿ ಕುಗ್ಗಿರಬಹುದು ಎಂಬುದನ್ನು ಮರೆಯಬೇಡಿ. ಎರಡು ಭಾಗಗಳ ಅಚ್ಚು ಕೂಡುವಲ್ಲಿ ಉಳಿಯುವ ಗೆರೆಯನ್ನೂ ಗಮನಿಸಿ: ಹಳೆಯ ಗೆರೆಯ ಪಕ್ಕದಲ್ಲೇ ಇನ್ನೊಂದು ಗೆರೆ ಕಂಡರೆ, ಅದು ಎರಡನೆಯ ಅಚ್ಚಿನ ಕುರುಹು.

ಸಂಗ್ರಾಹಕರು ‘ಕ್ಯಾಲೆಂಡರ್ ಮುಖವಾಡಗಳು’ ಎಂದು ಕರೆಯುವ, ಡಾನ್ ಪೋಸ್ಟ್‌ನ 1960ರ ದಶಕದ ಸರಣಿಗೆ ಬೇಡಿಕೆ ವಿಪರೀತ ಇರುವುದರಿಂದ ಈ ಅನುಮಾನ ಅಲ್ಲಿ ಇನ್ನಷ್ಟು ಅಗತ್ಯ. ಬೇಡಿಕೆ ಎಲ್ಲಿಂದ ಹುಟ್ಟಿತು ಎಂಬುದೂ ತಿಳಿದಿರಲಿ. ಯೂನಿವರ್ಸಲ್‌ನ ದೈತ್ಯ ತೆರೆಗೆ ಬಂದದ್ದು 1931ರಲ್ಲಿ. ಚಪ್ಪಟೆ ನೆತ್ತಿ, ಕತ್ತಿನ ಲೋಹದ ಮೊಳೆಗಳ ಆ ರೂಪವನ್ನು ಬೋರಿಸ್ ಕಾರ್ಲಾಫ್ ಅವರ ಮುಖದ ಮೇಲೆ ಕಟ್ಟಿದವರು ಪ್ರಸಾಧನ ಕಲಾವಿದ ಜಾಕ್ ಪಿಯರ್ಸ್. ಆದರೆ ಅಮೆರಿಕದ ಮಕ್ಕಳು ಅದಕ್ಕೆ ಮರುಳಾದದ್ದು 1957ರಲ್ಲಿ, ಹಳೆಯ 52 ಚಿತ್ರಗಳ ಕಟ್ಟೊಂದು ‘ಶಾಕ್’ ಎಂಬ ಹೆಸರಿನಲ್ಲಿ ದೂರದರ್ಶನ ಕೇಂದ್ರಗಳಿಗೆ ಸಿಕ್ಕಮೇಲೆ. ಮರುವರ್ಷ ಆರಂಭವಾದ ‘ಫೇಮಸ್ ಮಾನ್‌ಸ್ಟರ್ಸ್ ಆಫ್ ಫಿಲ್ಮ್‌ಲ್ಯಾಂಡ್’ ಪತ್ರಿಕೆಯ ಜಾಹೀರಾತು ಪುಟಗಳಲ್ಲಿ ಅಂಚೆಯ ಮೂಲಕ ತರಿಸಿಕೊಳ್ಳಬಹುದಾದ ಮುಖವಾಡಗಳ ಚಿತ್ರಗಳನ್ನು ನೋಡುತ್ತ ಬೆಳೆದವರೇ ಮುಂದೆ ಸಂಗ್ರಾಹಕರಾದರು.

ಎರಡನೆಯ ಉತ್ತರ

ಮೇಲಿನ ಮಾತಿಗೆ ನನ್ನ ಸಹಮತವಿದೆ. ನಾನು ರಬ್ಬರಿನ ಬಗ್ಗೆ ಮಾತ್ರ ಬರೆಯುತ್ತೇನೆ, ಏಕೆಂದರೆ ಈ ಹವ್ಯಾಸದಲ್ಲಿ ನಿಜವಾದ ಕಾಲಸೂಚಿ ಅದೇ.

ಮುಖವಾಡದ ಲೇಟೆಕ್ಸ್ ಮೂಲತಃ ರಬ್ಬರ್ ಮರದ ಹಾಲು. ಅದು ಕೆಡದಂತೆ ಅಮೋನಿಯಾ ಬೆರೆಸಿ, ಸಾಂದ್ರಗೊಳಿಸಿ, ಗಂಧಕದ ಸಂಸ್ಕಾರ ಕೊಟ್ಟು, ಬಿಗುವಿಗಾಗಿ ಬಿಳಿಮಣ್ಣಿನಂತಹ ಪುಡಿಗಳನ್ನು ಸೇರಿಸಿ ಪ್ಲಾಸ್ಟರ್ ಅಚ್ಚಿಗೆ ಸುರಿಯುತ್ತಾರೆ. ಪ್ಲಾಸ್ಟರ್ ನೀರನ್ನು ಹೀರಿಕೊಳ್ಳುತ್ತಿದ್ದಂತೆ ಗೋಡೆಗೆ ರಬ್ಬರಿನ ಪದರ ಕಟ್ಟುತ್ತದೆ. ಬೇಕಾದಷ್ಟು ದಪ್ಪ ಬಂದಾಗ ಮಿಕ್ಕಿದ್ದನ್ನು ಹೊರಗೆ ಸುರಿದುಬಿಡುತ್ತಾರೆ. ಹೀಗಾಗಿ ಮುಖವಾಡದ ಒಳಮೈಯಲ್ಲಿ ಲೇಟೆಕ್ಸ್ ಹರಿದ ಗುರುತುಗಳು, ಮೂಗಿನ ತುದಿಯಂತಹ ತಗ್ಗುಗಳಲ್ಲಿ ದಪ್ಪಗೆ ನಿಂತ ಭಾಗಗಳು ಕಾಣಸಿಗುತ್ತವೆ. ಬಣ್ಣ ಬೆರೆಸದ ಲೇಟೆಕ್ಸ್ ಹೊಸದರಲ್ಲಿ ಕೆನೆಬಣ್ಣಕ್ಕಿದ್ದು, ವರ್ಷಗಳು ಕಳೆದಂತೆ ಜೇನಿನ ಬಣ್ಣಕ್ಕೂ ಆಮೇಲೆ ಕಂದಿಗೂ ತಿರುಗುತ್ತದೆ. ನಿಮ್ಮ ಮುಖವಾಡದಲ್ಲಿ ಫೋಮ್ ತುಂಬಿರುವುದರಿಂದ ಅತ್ಯಂತ ಪ್ರಾಮಾಣಿಕವಾದ ಈ ಸಾಕ್ಷ್ಯವೇ ಮುಚ್ಚಿಹೋಗಿದೆ. ಆದರೂ ಕತ್ತಿನ ಅಂಚಿನಲ್ಲಿ ಫೋಮ್ ಮುಟ್ಟದ ಒಂದಿಷ್ಟು ಜಾಗ ಇದ್ದೇ ಇರುತ್ತದೆ. ಅದರ ಹತ್ತಿರದ ಚಿತ್ರವನ್ನು ಹಗಲಿನ ಬೆಳಕಿನಲ್ಲಿ ತೆಗೆದು ಕಳುಹಿಸಲು ಹೇಳಿ.

ಬಣ್ಣದ ಬಗ್ಗೆ ಒಂದು ಸುಲಭ ಪರೀಕ್ಷೆ ಇದೆ. ಬಿರುಕಿನ ಒಳಗೋಡೆಯನ್ನು ಭೂತಗನ್ನಡಿಯಲ್ಲಿ ನೋಡಬೇಕು. ಬಣ್ಣ ಹಳೆಯದಾಗಿದ್ದರೆ ಬಿರುಕು ಬಣ್ಣವನ್ನೂ ಸೀಳಿಕೊಂಡು ಹೋಗಿರುತ್ತದೆ, ಒಳಗೆ ಬರಿಯ ರಬ್ಬರ್ ಕಾಣುತ್ತದೆ. ಬಣ್ಣ ಬಿರುಕಿನೊಳಕ್ಕೆ ಇಳಿದಿದ್ದರೆ, ಬಿರುಕು ಮೊದಲು ಬಂತು, ಬಣ್ಣ ಆಮೇಲೆ ಬಂತು ಎಂದರ್ಥ. ಮರುಬಣ್ಣ ಹಚ್ಚುವುದು ಅಪರಾಧವೇನಲ್ಲ. ಅದನ್ನು ಮುಚ್ಚಿಟ್ಟು ಮೂಲಪ್ರತಿಯ ಬೆಲೆ ಕೇಳುವುದು ತಪ್ಪು. ನನ್ನ ಮಟ್ಟಿಗೆ, ಉದುರಿಹೋದ ಮೂಲ ಬಣ್ಣವುಳ್ಳ ಮುಖವಾಡವೇ ಅಚ್ಚುಕಟ್ಟಾಗಿ ಮರುಬಣ್ಣ ಹಚ್ಚಿದ್ದಕ್ಕಿಂತ ಮೇಲು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಮಾರಾಟಗಾರರು ಕತ್ತಿನ ಅಂಚಿನ ಚಿತ್ರಗಳನ್ನು ಕಳುಹಿಸಿದ್ದಾರೆ. ಒಳಭಾಗದ ರಬ್ಬರ್ ಸಾಕಷ್ಟು ಕಂದಾಗಿದೆ, ಅಕ್ಷರಗಳ ಅಂಚು ಚೂಪಾಗಿಯೇ ಇದೆ. ಆದರೆ ಎರಡು ಬಿರುಕುಗಳ ಒಳಗೆ ಹಸಿರು ಬಣ್ಣ ಸ್ಪಷ್ಟವಾಗಿ ಕಾಣುತ್ತಿದೆ. ಅಂದರೆ ರಬ್ಬರ್ ಹಳೆಯದು, ಬಣ್ಣ ಹೊಸದು ಎಂದು ತೀರ್ಮಾನಿಸಬಹುದಲ್ಲವೇ? ಹಾಗಿದ್ದರೆ ಆ ಫೋಮ್ ತೆಗೆಸಿ, ಮೇಲಿನ ಬಣ್ಣವನ್ನೂ ತೊಳೆದು, ಕೆಳಗಿರುವ ಮೂಲ ಬಣ್ಣವನ್ನು ಹೊರತರಲು ಸಾಧ್ಯವೇ?

ಮೂರನೆಯ ಉತ್ತರ

ದಯವಿಟ್ಟು ಎರಡನ್ನೂ ಮಾಡಬೇಡಿ. ಎರಡು ಘಟಕಗಳನ್ನು ಬೆರೆಸಿ ಸುರಿಯುವ ಪಾಲಿಯುರೆಥೇನ್ ಫೋಮ್ ಉಬ್ಬುವಾಗಲೇ ಬಿಸಿಯಾಗಿ, ಲೇಟೆಕ್ಸಿನ ಒಳಮೈಗೆ ಬಿಡಿಸಲಾಗದಂತೆ ಅಂಟಿಕೊಳ್ಳುತ್ತದೆ. ಅದನ್ನು ಕೆರೆದು ತೆಗೆಯಹೊರಟರೆ ಗಟ್ಟಿಯಾದ ರಬ್ಬರ್ ತುಂಡುತುಂಡಾಗಿ ಅದರೊಂದಿಗೇ ಬರುತ್ತದೆ. ಹೊಸದಾಗಿ ಕೊಂಡ ಮುಖವಾಡಕ್ಕೆ ಹೀಗೆ ಫೋಮ್ ತುಂಬಿಸುವುದನ್ನು ನಾನು ವಿರೋಧಿಸುತ್ತೇನೆ, ಏಕೆಂದರೆ ಅದು ಹಿಂದಿರುಗಿಸಲಾಗದ ಕೆಲಸ, ಮೇಲಾಗಿ ಆ ಫೋಮ್ ಕೂಡ ಕಾಲಕ್ರಮೇಣ ಪುಡಿಯಾಗುತ್ತದೆ. ಆದರೆ ಈಗಾಗಲೇ ಗಡುಸಾಗಿರುವ ನಿಮ್ಮ ಮುಖವಾಡ ಆಕಾರ ಕೆಡದೆ ನಿಂತಿರುವುದು ಅದೇ ಫೋಮಿನಿಂದ ಇರಬಹುದು, ಇರಲಿ ಬಿಡಿ. ಬಣ್ಣದ ವಿಷಯವೂ ಅಷ್ಟೇ. ಮೇಲಿನ ಬಣ್ಣವನ್ನು ಕರಗಿಸುವ ದ್ರಾವಕವು ಕೆಳಗಿನ ಬಣ್ಣವನ್ನು ಗುರುತಿಸಿ ಉಳಿಸುವುದಿಲ್ಲ, ರಬ್ಬರನ್ನೂ ಉಬ್ಬಿಸುತ್ತದೆ. ಮೆದು ಕುಂಚದಿಂದ ಧೂಳು ತೆಗೆಯಿರಿ, ಅಗತ್ಯವಿದ್ದರೆ ಸ್ವಲ್ಪ ಒದ್ದೆ ಮಾಡಿದ ಹತ್ತಿಯಿಂದ ಕಾಣದ ಜಾಗದಲ್ಲಿ ಮೊದಲು ಒರೆಸಿ ನೋಡಿ. ಅಷ್ಟು ಸಾಕು.

ಇನ್ನು ಇಡುವ ಬಗೆ. ರಬ್ಬರಿನ ಅಣುಸರಪಳಿಯಲ್ಲಿರುವ ದ್ವಿಬಂಧಗಳನ್ನು ಆಮ್ಲಜನಕ ಮತ್ತು ಓಜೋನ್ ಮುರಿಯುತ್ತವೆ. ಬಿಸಿಲು, ಶಾಖಗಳು ಆ ಕೆಲಸವನ್ನು ಚುರುಕುಗೊಳಿಸುತ್ತವೆ. ಓಜೋನ್ ವಿಶೇಷವಾಗಿ ಎಳೆತದಲ್ಲಿರುವ ರಬ್ಬರನ್ನು ಹುಡುಕಿಕೊಂಡು ಬರುತ್ತದೆ, ಎಳೆತಕ್ಕೆ ಅಡ್ಡಲಾಗಿ ಬಿರುಕು ಮೂಡಿಸುತ್ತದೆ. ಆದ್ದರಿಂದ ದೊಡ್ಡದಾದ ತಲೆಯಾಕೃತಿಯ ಮೇಲೆ ಮುಖವಾಡವನ್ನು ಬಿಗಿಯಾಗಿ ಎಳೆದು ಕೂರಿಸುವುದೂ ಮಡಚಿ ಪೆಟ್ಟಿಗೆಯಲ್ಲಿ ತುರುಕುವುದೂ ಒಂದೇ ಬಗೆಯ ಹಾನಿ. ನಿಮ್ಮ ಬಳಿ ಇರುವ ಹೊಸ ಮುಖವಾಡಗಳಿಗೆ ಆಮ್ಲರಹಿತ ಕಾಗದವನ್ನೋ ಪಾಲಿಯೆಸ್ಟರ್ ಅರಳೆಯನ್ನೋ ಸಡಿಲವಾಗಿ ತುಂಬಿ. ಹಳೆಯ ಪತ್ರಿಕೆಗಳ ಹಾಳೆ ಬೇಡ. ಕಿಡಿ ಹಾರಿಸುವ ವಿದ್ಯುತ್ ಮೋಟಾರುಗಳೂ ಓಜೋನ್ ಬಿಡುವ ಗಾಳಿಶುದ್ಧಿ ಯಂತ್ರಗಳೂ ಇರುವ ಕೋಣೆಯಲ್ಲಿ ಇಡಬೇಡಿ. ತಾಮ್ರ, ಹಿತ್ತಾಳೆಯ ತಂತಿ ಅಥವಾ ಪಿನ್ನುಗಳು ರಬ್ಬರಿಗೆ ತಾಗದಿರಲಿ, ತಾಮ್ರದ ಅಂಶ ತಗುಲಿದ ಕಡೆ ರಬ್ಬರ್ ಬೇಗ ಅಂಟಂಟಾಗಿ ಕೊಳೆಯುತ್ತದೆ. ಹೊಳಪು ಬರಿಸಲು ಎಣ್ಣೆ, ಸಿಲಿಕೋನ್ ಸಿಂಪಡಿಕೆಗಳನ್ನು ಶಿಫಾರಸು ಮಾಡುವವರ ಮಾತನ್ನು ಕೇಳಬೇಡಿ.

ನಾಲ್ಕನೆಯ ಉತ್ತರ

ಕೊಳ್ಳಬೇಕೋ ಬೇಡವೋ ಎಂಬುದನ್ನು ಯಾರೂ ಹೇಳಲಿಲ್ಲವಾದ್ದರಿಂದ ನನ್ನ ಅಭಿಪ್ರಾಯ ಬರೆಯುತ್ತೇನೆ. ‘ಹಳೆಯ ರಬ್ಬರ್, ಹೊಸ ಬಣ್ಣ, ತುಂಬಿದ ಫೋಮ್’ ಎಂದು ಮಾರಾಟಗಾರರು ಲಿಖಿತವಾಗಿ ಒಪ್ಪಿ, ಅದಕ್ಕೆ ತಕ್ಕಂತೆ ಬೆಲೆ ಇಳಿಸಿದರೆ ಕೊಳ್ಳಿ. ಮೂಲ ಬಣ್ಣದ ಪ್ರತಿಯ ಬೆಲೆಗೆ ಖಂಡಿತ ಬೇಡ. ರಬ್ಬರ್ ಹಳೆಯದೆಂದ ಮಾತ್ರಕ್ಕೆ ಅದು 1960ರ ದಶಕದ್ದೇ ಎಂದು ಸಾಬೀತಾಗುವುದಿಲ್ಲ, ಮುಂದಿನ ದಶಕದ ಪ್ರತಿಯೂ ಈಗ ಹೀಗೆಯೇ ಕಂದಿರುತ್ತದೆ.

ಒಂದೇ ಹೆಸರಿನ ಬೆನ್ನುಹತ್ತುವ ಅಗತ್ಯವೂ ಇಲ್ಲ. ಮೊದಲ ಉತ್ತರದಲ್ಲಿ ಹೇಳಿದ ‘ಫೇಮಸ್ ಮಾನ್‌ಸ್ಟರ್ಸ್’ ಪತ್ರಿಕೆಯ ಪುಟಗಳಲ್ಲಿ ಮಾರಾಟವಾಗುತ್ತಿದ್ದ ಟಾಪ್‌ಸ್ಟೋನ್ ಸಂಸ್ಥೆಯ ತೆಳುವಾದ, ಅಗ್ಗದ ಮುಖವಾಡಗಳಿವೆ. ‘ಶಾಕ್ ಮಾನ್‌ಸ್ಟರ್’ ಅವುಗಳಲ್ಲಿ ಪ್ರಸಿದ್ಧ. ಯಾವ ಚಿತ್ರದ ಪಾತ್ರಕ್ಕೂ ಕಟ್ಟುಬೀಳದ ಆ ವಿಕಾರ ನಗೆಯಲ್ಲಿ ನನಗಂತೂ ಪರವಾನಗಿ ಪಡೆದ ದೈತ್ಯರಿಗಿಂತ ಹೆಚ್ಚು ಕಲ್ಪನೆ ಕಾಣುತ್ತದೆ. ಡಾನ್ ಪೋಸ್ಟ್‌ನದೇ ಆಗಬೇಕೆಂದಿದ್ದರೂ, 1975ರ ಕ್ಯಾಪ್ಟನ್ ಕರ್ಕ್ (‘ಸ್ಟಾರ್ ಟ್ರೆಕ್’ ಸರಣಿಯ ನಾಯಕ) ಮುಖವಾಡದತ್ತ ಮಾತ್ರ ಈಗಲೇ ಹೋಗಬೇಡಿ. 1978ರ ‘ಹ್ಯಾಲೋವೀನ್’ ಚಿತ್ರದ ಕೊಲೆಗಾರನಿಗೆ ಬಿಳಿ ಬಣ್ಣ ಬಳಿದು ತೊಡಿಸಿದ್ದು ಅದನ್ನೇ ಆದ್ದರಿಂದ, ನಕಲಿಗಳನ್ನು ಬೇರ್ಪಡಿಸುವುದು ಪಳಗಿದವರಿಗೂ ಕಷ್ಟವಾಗಿದೆ.

ಪ್ರಶ್ನೆ ಕೇಳಿದವರು

ಮಾರಾಟಗಾರರಿಗೆ ಬಿರುಕಿನ ಚಿತ್ರವನ್ನು ತೋರಿಸಿ, ಮರುಬಣ್ಣದ ವಿಷಯವನ್ನು ರಸೀದಿಯಲ್ಲಿ ಬರೆದುಕೊಡುವಂತೆ ಕೇಳಿದ್ದೇನೆ. ನೆತ್ತಿಯಿಂದ ಗಲ್ಲದವರೆಗಿನ ಅಳತೆಯನ್ನೂ ಕೇಳಿದ್ದೇನೆ. ಖಚಿತವಾದ ಮೂಲಪ್ರತಿ ಯಾರ ಬಳಿಯಾದರೂ ಇದ್ದರೆ, ಹೋಲಿಸಿ ನೋಡಲು ಅದೇ ಅಳತೆಯನ್ನು ದಯವಿಟ್ಟು ಇಲ್ಲಿ ಹಾಕಿ.