5 ಲೀಟರ್ ಕ್ಯಾನ್ ಹಗುರ ಆಗಿಬಿಟ್ಟಿದೆ, ಇನ್ನೇನು ಎತ್ತಲಿ?

ಪ್ರಶ್ನೆ

ಮಗಳಿಗೆ ಈಗ 10 ತಿಂಗಳು. ಅವಳು ಮಧ್ಯಾಹ್ನ ಮಲಗಿದಾಗ ನನಗೆ ಸಿಗುವುದು 20 ನಿಮಿಷ, ಅಷ್ಟೇ. ಡಂಬೆಲ್ ಇಲ್ಲ. 5 ಲೀಟರಿನ ಎರಡು ಕ್ಯಾನಿಗೆ ನೀರು ತುಂಬಿ ಎರಡು ತಿಂಗಳಿಂದ ಎತ್ತುತ್ತಿದ್ದೇನೆ. ಮೊದಲೆಲ್ಲ 8 ಸಲಕ್ಕೇ ತೋಳು ನಡುಗುತ್ತಿತ್ತು. ಈಗ 25 ಎತ್ತಿದರೂ ಏನೂ ಅನ್ನಿಸುವುದಿಲ್ಲ. ಮೊನ್ನೆ ಬಕೆಟ್ಟಿಗೆ ನೀರು ತುಂಬಿ ಎತ್ತಿದೆ. ಹಿಡಿ ಕಿತ್ತು ಬಂತು, ಸ್ವಲ್ಪದರಲ್ಲಿ ಕಾಲು ಉಳಿಯಿತು. ತೂಕ ಜಾಸ್ತಿ ಮಾಡಲು ಭಯವಿಲ್ಲದ ದಾರಿ ಇದೆಯಾ?

ಉತ್ತರ 1

ಬಕೆಟ್ ಬಿಟ್ಟುಬಿಡಿ. ಕ್ಯಾನಿನ ಹಿಡಿಯನ್ನೂ ಜಾಸ್ತಿ ನಂಬಬೇಡಿ. ನೀರು ಲೀಟರಿಗೆ 1 ಕಿಲೋ, ಒಣ ಮರಳು ಸುಮಾರು ಒಂದೂವರೆ ಕಿಲೋ. ಅದೇ ಕ್ಯಾನಿಗೆ ಮರಳು ತುಂಬಿದರೆ 8 ಕಿಲೋ ಹತ್ತಿರ ಹೋಗುತ್ತದೆ. ಆದರೆ ಆ ಹಿಡಿ ಮಾಡಿರುವುದು 5 ಕಿಲೋಗೆ ಅಲ್ವಾ?

ನಾನು ಮೂರು ವರ್ಷದಿಂದ ಮಾಡುತ್ತಿರುವುದು ಹಳೇ ಬ್ಯಾಗಿನಲ್ಲಿ, ಹೆಗಲಿಗೆ ಹಾಕುವಂಥದ್ದು. ಮರಳನ್ನು 2 ಕಿಲೋದ ಪೊಟ್ಟಣ ಮಾಡಿದ್ದೇನೆ. ಒಂದೊಂದಕ್ಕೂ ಎರಡೆರಡು ಪ್ಲಾಸ್ಟಿಕ್ ಕವರ್, ಮೇಲೆ ಅಗಲದ ಟೇಪ್. ಒಂದೇ ಕವರ್ ಹಾಕಿದ್ದಾಗ ಮೂಲೆಯಲ್ಲಿ ತೂತಾಗಿ ವಾರವಿಡೀ ಮನೆಯೆಲ್ಲ ಮರಳು ಗುಡಿಸಿದ್ದೆ. ಬ್ಯಾಗಿನ ತಳಕ್ಕೆ ಮಡಚಿದ ಕಂಬಳಿ ಹಾಕಿ, ಅದರ ಮೇಲೆ ಪೊಟ್ಟಣ ಇಡಿ. ಪಟ್ಟಿ ಬಿಗಿ ಮಾಡಿ. ತೂಕ ಬೆನ್ನಿನ ಮೇಲ್ಭಾಗಕ್ಕೆ ಅಂಟಿಕೊಂಡಿರಬೇಕು, ಸೊಂಟಕ್ಕೆ ಜೋತು ಬೀಳಬಾರದು. ಇದೇ ಬ್ಯಾಗ್ ಹಾಕಿಕೊಂಡು ಪುಶ್‌ಅಪ್, ಬಸ್ಕಿ. ಬೆನ್ನಿಗಾದರೆ ಮುಂದಕ್ಕೆ ಬಾಗಿ, ಒಂದು ಕೈ ಗೋಡೆಗೆ ಒತ್ತಿಟ್ಟ ಕುರ್ಚಿಯ ಮೇಲಿಟ್ಟು, ಇನ್ನೊಂದು ಕೈಯಲ್ಲಿ ಬ್ಯಾಗನ್ನು ಸೊಂಟದ ಕಡೆಗೆ ಎಳೆಯಿರಿ.

ತೂಕ ಹೆಚ್ಚಿಸುವ ಮೊದಲು ಇನ್ನೊಂದು ಮಾಡಿ ನೋಡಿ. ಇಳಿಸುವಾಗ ನಾಲ್ಕು ಎಣಿಸಿ. ಸರ್ರನೆ ಇಳಿಸಿ 25 ಮಾಡುತ್ತಿದ್ದವರು 12ಕ್ಕೇ ನಿಲ್ಲುತ್ತಾರೆ. ಇನ್ನು ಎರಡೇ ಆಗುತ್ತೆ ಅನ್ನಿಸುವ ತನಕ ಹೋದರೆ ತೂಕ ಕಮ್ಮಿ ಇದ್ದರೂ ಸ್ನಾಯು ಬೆಳೆಯುತ್ತದೆ. 30 ದಾಟಿತು ಅಂದರೆ ಮಾತ್ರ ಇನ್ನೊಂದು ಪೊಟ್ಟಣ ಸೇರಿಸಿ.

20 ನಿಮಿಷ ಧಾರಾಳ ಸಾಕು. ಪುಶ್‌ಅಪ್ ಮುಗಿದ ಕೂಡಲೇ ಎಳೆಯುವುದು, ಆಮೇಲೆ ಬಸ್ಕಿ. ಕಾಲು ದುಡಿಯುವಾಗ ಎದೆಗೆ ವಿಶ್ರಾಂತಿ ಸಿಗುತ್ತದೆ, ಸುಮ್ನೆ ಕೂತು ಕಾಯಬೇಕಿಲ್ಲ. ಹೀಗೆ ಮೂರು ಸುತ್ತು, ದಿನ ಬಿಟ್ಟು ದಿನ.

ಉತ್ತರ 2

ಮೇಲಿನವರು ಹೇಳಿದ್ದು ಸರಿ. ಬಾಗಿದರೆ ಸೊಂಟ ನೋಯುವವರಿಗೆ ಇನ್ನೊಂದು ದಾರಿ: ಗಟ್ಟಿ ಬೆಡ್‌ಶೀಟಿನ ತುದಿಗೆ ದಪ್ಪ ಗಂಟು ಹಾಕಿ, ಗಂಟು ಆಚೆ ಇರುವಂತೆ ಬಾಗಿಲ ಮೇಲಿಂದ ಇಳಿಬಿಟ್ಟು ಬಾಗಿಲು ಮುಚ್ಚಿ. ಹಿಂದಕ್ಕೆ ವಾಲಿ ಎಳೆಯಿರಿ. ಬಾಗಿಲು ಆಚೆ ಕಡೆಗೆ ತೆರೆಯುವಂಥದ್ದಾಗಿರಬೇಕು. ನಿಮ್ಮ ಕಡೆಗೇ ತೆರೆಯುವ ಬಾಗಿಲಾದರೆ ಎಳೆದಾಗ ಮೈಮೇಲೇ ಬರುತ್ತದೆ. ಚಿಲಕ ಹಾಕಿ, ಮೊದಲು ನಿಧಾನ ಎಳೆದು ನೋಡಿ.

ಪ್ರಶ್ನೆ ಕೇಳಿದವರು

ಎರಡು ವಾರ ಮಾಡಿದೆ. 6 ಕಿಲೋ ಬ್ಯಾಗ್, ನಾಲ್ಕರ ಎಣಿಕೆ, ಪುಶ್‌ಅಪ್ 9ಕ್ಕೇ ಸುಸ್ತು! ತುಂಬಾ ಖುಷಿಯಾಯಿತು. ಒಂದು ಕಾಲು ಹಿಂದಿಟ್ಟು ಬಸ್ಕಿ ಹೊಡೆದರೆ ಬಲಗಾಲಲ್ಲಿ 12 ಆಗುತ್ತೆ, ಎಡಗಾಲಲ್ಲಿ 8 ಮಾತ್ರ. ಏನು ಮಾಡಲಿ?

ಉತ್ತರ 1

ಎಡಗಾಲಿಂದ ಶುರು ಮಾಡಿ. ಅದರಲ್ಲಿ ಎಷ್ಟಾಯಿತೋ ಬಲಗಾಲಲ್ಲೂ ಅಷ್ಟೇ ಮಾಡಿ ನಿಲ್ಲಿಸಿ. ನನಗೂ ಹೀಗೇ ಇತ್ತು, ಎರಡು ಕಾಲೂ ಸರಿಸಮ ಆಗಲು ಎರಡು ತಿಂಗಳು ಹಿಡಿಯಿತು.