ಕಡಲು ಪಕ್ಕದಲ್ಲೇ ಇದ್ದರೂ ಘಾನಾಕ್ಕೆ ಹೊರಗಿನ ಮೀನು ಯಾಕೆ?

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮೂರು ಕುಂದಾಪುರದ ಹತ್ತಿರ. ಈಗ ಕೆಲಸದ ಮೇಲೆ ಘಾನಾದ ತೇಮಾದಲ್ಲಿದ್ದೇನೆ. ಮನೆಯಿಂದ ಬಂದರು ಕಾಣುತ್ತದೆ. ಆದರೆ ಕೋಲ್ಡ್ ಸ್ಟೋರಿಗೆ ಹೋದರೆ ರಟ್ಟಿನ ಪೆಟ್ಟಿಗೆಯಲ್ಲಿ ಗಟ್ಟಿ ಐಸ್ ಆದ ಮೀನು, ಪೆಟ್ಟಿಗೆ ಮೇಲೆ ಮಾರಿಟೇನಿಯಾ, ನಮೀಬಿಯಾ ಅಂತ ಅಚ್ಚು. ಮಾರ್ಕೆಟ್ಟಿನಲ್ಲಿ ನೋಡಿದರೆ ಹೊಗೆ ಹಿಡಿದು ಕಪ್ಪಗಾದ ಮೀನಿನ ರಾಶಿ. ಹಸಿ ಮೀನೇ ಕಡಿಮೆ. ಇಷ್ಟುದ್ದ ಕರಾವಳಿ ಇಟ್ಟುಕೊಂಡು ಹೀಗ್ಯಾಕೆ? ಆ ಹೊಗೆ ಮೀನು ತಿಂದರೆ ಪರವಾಗಿಲ್ವಾ?

ಉತ್ತರ (ಮೀನು ಸಂಸ್ಕರಣೆ ತಜ್ಞೆ): ನಮಸ್ಕಾರ. ಮೊದಲು ಹೊಗೆ ಮೀನಿನ ವಿಷಯ ಹೇಳುತ್ತೇನೆ. ಉಳಿದದ್ದು ಅದರಿಂದಲೇ ಅರ್ಥವಾಗುತ್ತದೆ.

ಘಾನಾದ ಜನರಿಗೆ ಪ್ರಾಣಿಮೂಲದಿಂದ ಸಿಗುವ ಪ್ರೋಟೀನಿನಲ್ಲಿ ಶೇಕಡಾ 60ರಷ್ಟು ಮೀನಿನದೇ ಅಂತ ಸಾಮಾನ್ಯವಾಗಿ ಲೆಕ್ಕ ಹೇಳುತ್ತಾರೆ. ಅದು ಹೋಟೆಲಿನ ದೊಡ್ಡ ಮೀನಿನಿಂದ ಬರುವುದಲ್ಲ. ಸಾರ್ಡಿನೆಲ್ಲಾ, ಆಂಚೊವಿಯಂಥ ಸಣ್ಣ ಮೀನಿನಿಂದ. ನೀವು ಕುಂದಾಪುರದ ಕಡೆಯವರು, ನಿಮಗೆ ಸುಲಭವಾಗಿ ಹೇಳಬಹುದು: ಅಲ್ಲಿನ ಸಾರ್ಡಿನೆಲ್ಲಾ ನಮ್ಮ ಬೂತಾಯಿಯ ದಾಯಾದಿ. ಎರಡೂ ಒಂದೇ ಕುಲ, ಜಾತಿ ಮಾತ್ರ ಬೇರೆ.

ಜುಲೈಯಿಂದ ಸೆಪ್ಟೆಂಬರ್ ತನಕ ಅಲ್ಲಿ ಕಡಲಿನ ತಳದ ತಣ್ಣೀರು ಮೇಲಕ್ಕೆ ಬರುತ್ತದೆ. ಜತೆಗೆ ಪೋಷಕಾಂಶವೂ ಬರುತ್ತದೆ. ಆಗ ಸಾರ್ಡಿನೆಲ್ಲಾ ಹಿಂಡುಹಿಂಡಾಗಿ ದಡದ ಹತ್ತಿರ ಬರುತ್ತವೆ. ವರ್ಷದ ಆರಂಭದಲ್ಲಿ ಇನ್ನೊಂದು ಚಿಕ್ಕ ಸೀಸನ್ ಇದೆ. ಅಂದರೆ ಕೆಲವೇ ವಾರಗಳಲ್ಲಿ ರಾಶಿ ಮೀನು, ಆಮೇಲೆ ತಿಂಗಳುಗಟ್ಟಲೆ ಬರ. ಐಸ್ ದುಬಾರಿ, ಉತ್ತರದ ತಮಾಲೆ ಕಡಲಿನಿಂದ ನೂರಾರು ಕಿಲೋಮೀಟರ್ ದೂರ. ಅಲ್ಲಿಗೆ ಮೀನು ಹಾಳಾಗದೆ ಮುಟ್ಟಬೇಕೆಂದರೆ ಹೊಗೆಯೇ ದಾರಿ. ಮೆತ್ತಗೆ ಸುಟ್ಟದ್ದು ಕೆಲವು ದಿನ ನಿಲ್ಲುತ್ತದೆ, ಗಟ್ಟಿಯಾಗಿ ಒಣಗಿಸಿದ್ದು ತಿಂಗಳುಗಟ್ಟಲೆ ಇರುತ್ತದೆ.

ಈ ಕೆಲಸವೆಲ್ಲ ಹೆಂಗಸರದ್ದು. ಕಡಲಿಗೆ ಹೋಗುವವರು ಗಂಡಸರು, ದಡಕ್ಕೆ ಬಂದ ಮೀನಿನ ಯಜಮಾನಿಕೆ ಹೆಂಗಸರದು. ಎಷ್ಟೋ ಸಲ ದೋಣಿಯ ಇಂಧನ, ಬಲೆಗೆ ಸಾಲ ಕೊಡುವವರೂ ಅವರೇ. ಗಂಡ ಹಿಡಿದು ತಂದದ್ದನ್ನು ಹೆಂಡತಿ ರೇಟು ಮಾತಾಡಿಯೇ ಕೊಳ್ಳುತ್ತಾಳೆ! ದಡದಲ್ಲಿ ಕೊಂಕೊಹೆಮಾ ಅಂತ ಒಬ್ಬ ಹಿರಿಯಾಕೆ ಇರುತ್ತಾಳೆ, ವ್ಯಾಪಾರಿ ಹೆಂಗಸರ ಮುಖ್ಯಸ್ಥೆ. ಬೆಲೆ ಕುದುರಿಸುವಲ್ಲಿ ಅವಳ ಮಾತಿಗೆ ತೂಕ ಜಾಸ್ತಿ.

ಮೀನು ಸುಡುವ ಜಾಗಕ್ಕೆ ಒಮ್ಮೆ ಹೋಗಿ ನೋಡಿ. ಅಲ್ಲಿ ಚೊರ್ಕೊರ್ ಒಲೆ ಇರುತ್ತದೆ. ಅಕ್ರಾದ ಚೊರ್ಕೊರ್ ಎಂಬ ಮೀನುಗಾರರ ಕೇರಿಯ ಹೆಸರು ಅದಕ್ಕೆ. 1970ರ ಆಸುಪಾಸಿನಲ್ಲಿ ರೂಪುಗೊಂಡದ್ದು. ಮಣ್ಣಿನ ಆಯತಾಕಾರದ ಒಲೆ, ಮುಂದೆ ಕಟ್ಟಿಗೆ ತುರುಕಲು ಬಾಯಿ. ಮೇಲೆ ಮರದ ಚೌಕಟ್ಟಿಗೆ ತಂತಿ ಬಲೆ ಹೊಡೆದ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸುತ್ತಾರೆ. ಹತ್ತಕ್ಕಿಂತ ಜಾಸ್ತಿಯೂ ಇರುತ್ತವೆ. ಬೇರೆ ಚಿಮಣಿ ಬೇಡ, ತಟ್ಟೆಗಳ ಸಾಲೇ ಚಿಮಣಿ. ಆಗಾಗ ಮೇಲಿನದ್ದನ್ನು ಕೆಳಕ್ಕೆ, ಕೆಳಗಿನದ್ದನ್ನು ಮೇಲಕ್ಕೆ ಬದಲಿಸುತ್ತಾರೆ. ಹಳೆಯ ಡ್ರಮ್ ಒಲೆಗಿಂತ ಇದರಲ್ಲಿ ಕಟ್ಟಿಗೆ ಕಡಿಮೆ ಸಾಕು, ಮೀನು ಜಾಸ್ತಿ ಹಿಡಿಯುತ್ತದೆ.

ತಿನ್ನಬಹುದಾ ಅಂದರೆ, ತಿನ್ನಿ. ಆದರೆ ಹಸಿ ಕಟ್ಟಿಗೆಯ ದಟ್ಟ ಹೊಗೆಯಲ್ಲಿ ಪಿಎಎಚ್ ಎಂಬ ಹಾನಿಕರ ರಾಸಾಯನಿಕಗಳು ಮೀನಿಗೆ ಅಂಟುತ್ತವೆ. ಅದು ಜಾಸ್ತಿ ಇರುವುದು ಹೊರಮೈಯಲ್ಲಿ. ಹಾಗಾಗಿ ಕರ್ರಗೆ ಮಸಿ ಹಿಡಿದದ್ದನ್ನು ಬಿಟ್ಟು ಹೊಂಬಣ್ಣದ್ದನ್ನು ಆರಿಸಿ. ಚರ್ಮ, ತಲೆ ತೆಗೆದು ಬಿಸಿನೀರಲ್ಲಿ ತೊಳೆಯಿರಿ. ದಿನಾ ಬೇಡ. ಹಾಗೆ ನೋಡಿದರೆ ಅದರ ಅಪಾಯ ನಿಮಗಿಂತ ದಿನವಿಡೀ ಆ ಹೊಗೆ ಕುಡಿಯುವ ಹೆಂಗಸರಿಗೇ ಹೆಚ್ಚು.

ಅದೇ ಪ್ರಶ್ನಿಗರು: ಥ್ಯಾಂಕ್ಸ್ ಮೇಡಂ. ಆದರೂ ಪೆಟ್ಟಿಗೆ ಮೀನಿನ ಕಥೆ ಉಳಿಯಿತು!

ಉತ್ತರ: ಬಿಟ್ಟಿಲ್ಲ, ಬರುತ್ತಿದ್ದೆ. ಸುಮಾರು 550 ಕಿಲೋಮೀಟರ್ ಕರಾವಳಿ, ಸುಮಾರು 12,000 ದೋಣಿ. ಆದರೆ ಮೀನು ಕಮ್ಮಿಯಾಗಿದೆ. 1990ರ ದಶಕದ ಆರಂಭದಲ್ಲಿ ವರ್ಷಕ್ಕೆ ಲಕ್ಷ ಟನ್ ದಾಟುತ್ತಿದ್ದ ಸಾರ್ಡಿನೆಲ್ಲಾ ಈಗ ಅದರ ಕಾಲುಭಾಗವೂ ಸಿಗುತ್ತಿಲ್ಲ. ತಿನ್ನುವ ಬಾಯಿ ಮಾತ್ರ ಹೆಚ್ಚಿದೆ. ಆ ಕೊರತೆ ತುಂಬುವುದೇ ನಿಮ್ಮ ಪೆಟ್ಟಿಗೆ ಮೀನು.

ದೊಡ್ಡ ಪೆಟ್ಟು ಕೊಟ್ಟದ್ದು ‘ಸೈಕೊ’ ದಂಧೆ. ತಳದ ಮೀನು ಹಿಡಿಯಲು ಲೈಸೆನ್ಸ್ ಪಡೆದ ಟ್ರಾಲರುಗಳು ಬಡವರ ಸಣ್ಣ ಮೀನನ್ನೇ ಬಳಿದು, ಇಟ್ಟಿಗೆಯಂತೆ ಹೆಪ್ಪುಗಟ್ಟಿಸಿ, ನಡುಕಡಲಲ್ಲೇ ದೊಡ್ಡ ದೋಣಿಗಳಿಗೆ ಮಾರುತ್ತಿದ್ದವು. ಅದು ಎಲ್ಮಿನಾದಂಥ ಕಡೆ ಇಳಿಯುತ್ತಿತ್ತು. 2017ರಲ್ಲಿ ಹೀಗೆ ಸುಮಾರು 1 ಲಕ್ಷ ಟನ್ ಹೋಯಿತು ಅಂತ ಅಂದಾಜು. ಟ್ರಾಲರುಗಳು ಕಾಗದದ ಮೇಲೆ ಘಾನಾದವು, ಹಿಂದಿನ ದುಡ್ಡು ಬಹುಪಾಲು ಚೀನಾದ್ದು. ಕಾನೂನಿನಲ್ಲಿ ಇದಕ್ಕೆ ನಿಷೇಧ ಮೊದಲಿನಿಂದಲೂ ಇತ್ತು. 2021ರಲ್ಲಿ ಯುರೋಪಿಯನ್ ಒಕ್ಕೂಟ ಘಾನಾಕ್ಕೆ ಹಳದಿ ಕಾರ್ಡ್ ತೋರಿಸಿತು, ಅಂದರೆ ಅಕ್ರಮ ಮೀನುಗಾರಿಕೆ ತಡೆಯಿರಿ ಎಂಬ ಎಚ್ಚರಿಕೆ.

ಹಾಗಂತ ತಪ್ಪೆಲ್ಲ ಟ್ರಾಲರುಗಳ ತಲೆಗೆ ಕಟ್ಟಿದರೆ ಅರ್ಧ ಮಾತು ಬಿಟ್ಟಂತೆ. ದೋಣಿಗಳೂ ಅತಿಯಾಗಿವೆ. ರಾತ್ರಿ ಲೈಟು ಹಾಕಿ ಮರಿಯನ್ನೂ ಹಿಡಿಯುತ್ತಾರೆ.

ಮಲ್ಪೆಯ ಒಬ್ಬ ಸದಸ್ಯರು: ಮೇಡಂ, ನಮ್ಮಲ್ಲಿ ಬೂತಾಯಿ ಲಾರಿಗಟ್ಟಲೆ ಫಿಶ್‌ಮೀಲ್ ಫ್ಯಾಕ್ಟರಿಗೆ ಹೋಗುತ್ತದೆ. ಅಲ್ಲೂ ಹಾಗೇನಾ?

ಉತ್ತರ: ಆ ಸಂಕಟ ಹೆಚ್ಚು ಇರುವುದು ಮಾರಿಟೇನಿಯಾ, ಸೆನೆಗಲ್, ಗ್ಯಾಂಬಿಯಾ ಕಡೆ. 1 ಕಿಲೋ ಹಿಟ್ಟಿಗೆ 4-5 ಕಿಲೋ ಹಸಿ ಮೀನು ಬೇಕು. ಆ ಹಿಟ್ಟು ಹೊರದೇಶದ ಮೀನು ಸಾಕಣೆಗೆ, ಕೋಳಿ-ಹಂದಿಗಳ ಮೇವಿಗೆ ಹೋಗುತ್ತದೆ. ಸೆನೆಗಲ್‌ನಲ್ಲಿ ಫ್ಯಾಕ್ಟರಿ ಕೊಡುವ ರೇಟಿಗೆ ಮೀನು ಒಣಗಿಸುವ ಹೆಂಗಸರು ಏಗಲಾರರು. ಕಾರ್ಖಾನೆಗೆ ಹಳಸಿದ ಮೀನು, ತ್ಯಾಜ್ಯ ಹೋದರೆ ನನ್ನ ತಕರಾರಿಲ್ಲ. ಊಟಕ್ಕೆ ಯೋಗ್ಯವಾದ ಮೀನು ಹೋಗುವುದು ನನಗೆ ಸರಿಕಾಣುವುದಿಲ್ಲ.

ಅಕ್ರಾದ ಒಬ್ಬ ಸದಸ್ಯೆ: ಅಕ್ಕಾ, ನಾವು ಮೀನು ಮುಟ್ಟಲ್ಲ. ವಾಚೆ ಅಂಗಡಿಯಲ್ಲಿ ಅನ್ನ-ಕಾಳಿನ ಜತೆ ಕಪ್ಪು ಖಾರ ಚಟ್ನಿ ಕೊಡ್ತಾರಲ್ಲ, ಅದರಲ್ಲಿ ಮೀನು ಇಲ್ಲ ತಾನೇ?

ಉತ್ತರ: ಅಯ್ಯೋ, ಇದೆ ತಂಗಿ! ಅದು ಶಿಟೊ. ಮೆಣಸು, ಶುಂಠಿ, ಎಣ್ಣೆಯ ಜತೆ ಒಣಮೀನು, ಒಣಸಿಗಡಿ ಪುಡಿ ಹಾಕಿ ಕಪ್ಪಾಗುವ ತನಕ ಹುರಿಯುತ್ತಾರೆ. ವಾಚೆ ಬರೀ ಅನ್ನ, ಅಲಸಂಡೆ ಕಾಳು, ಅದು ಸರಿ. ಮೇಲೆ ಸುರಿಯುವ ಗ್ರೇವಿಯಲ್ಲೂ ಮೀನು ಇರಬಹುದು, ಕೇಳಿ ಹಾಕಿಸಿಕೊಳ್ಳಿ. ‘ರೆಡ್ ರೆಡ್’ ಅಂತ ಕೊಡುವ ಕಾಳಿನ ಪಲ್ಯಕ್ಕೂ ಹೊಗೆ ಮೀನು ಮುರಿದು ಹಾಕುವುದುಂಟು. ‘ಮಾಂಸ ಇಲ್ಲ’ ಅಂದರೆ ನಂಬಬೇಡಿ. ಅಲ್ಲಿ ಎಷ್ಟೋ ಜನ ಮೀನನ್ನು ಮಾಂಸದ ಲೆಕ್ಕಕ್ಕೆ ಸೇರಿಸುವುದಿಲ್ಲ. ‘ಮೀನು, ಸಿಗಡಿ ಎರಡೂ ಬೇಡ’ ಅಂತ ಬಿಡಿಸಿ ಹೇಳಿ.

ತೇಮಾದವರಿಗೆ ಇನ್ನೊಂದು ಮಾತು: ಹಸಿ ಮೀನು ಬೇಕಿದ್ದರೆ ಮೀನುಗಾರಿಕಾ ಬಂದರಿನ ದೋಣಿಗಳ ಕಡೆಗೇ ಹೋಗಿ. ಆದರೆ ಮಂಗಳವಾರ ಬೇಡ. ಆ ಕಡಲ ತೀರದ ಬಹುತೇಕ ಊರುಗಳಲ್ಲಿ ಅವತ್ತು ದೋಣಿ ಇಳಿಸುವುದಿಲ್ಲ, ಅದು ಕಡಲಿಗೆ ರಜೆ. ಬಲೆ ಹೊಲಿಯುವುದು, ಜಗಳ ಬಗೆಹರಿಸುವುದು ಎಲ್ಲಾ ಅಂದೇ.