ಬಿರುಕು ಕಂಡರೆ ಮನೆ ಬೇಡವೇ?

ದೊಡ್ಡಪ್ಪ: (ಫಾರ್ವರ್ಡ್ ಸಂದೇಶ) "ಗೋಡೆಯಲ್ಲಿ ಒಂದೇ ಒಂದು ಬಿರುಕು ಕಂಡರೂ ಆ ಮನೆ ಕೊಳ್ಳಬೇಡಿ. ಅಡಿಪಾಯ ಕುಸಿದಿದೆ ಎಂದೇ ಅರ್ಥ. ಎಲ್ಲರಿಗೂ ಕಳುಹಿಸಿ."

ದೊಡ್ಡಪ್ಪ: ನೀನು ನೋಡಿ ಬಂದ ಮನೆಯ ಹಾಲ್‌ನಲ್ಲೇ ಎರಡು ಬಿರುಕುಗಳಿವೆ. ಸುಮ್ಮನೆ ಕೈಬಿಡು.

ಭಾವ: ಹಾಗೆ ನೋಡುತ್ತ ಹೋದರೆ ಒಂದು ಮನೆಯೂ ಮಾರಾಟವಾಗುವುದಿಲ್ಲ, ಮಾವ. ಗಾರೆ ಒಣಗುವಾಗ ಕೂದಲೆಳೆಯಷ್ಟು ಬಿರುಕು ಬರುತ್ತದೆ. ಕಂಬವೂ ಇಟ್ಟಿಗೆ ಗೋಡೆಯೂ ಸೇರುವಲ್ಲಿ ನೇರ ಗೆರೆ ಬಿಡುವುದೂ ಸಾಮಾನ್ಯ. ಕಾಂಕ್ರೀಟ್, ಇಟ್ಟಿಗೆ ಎರಡೂ ಬಿಸಿಲಿಗೆ ಒಂದೇ ಸಮನೆ ಹಿಗ್ಗುವುದಿಲ್ಲ. ಹಾಲ್‌ನಲ್ಲಿರುವುದು ಅಂಥವೇ.

ದೊಡ್ಡಪ್ಪ: ಮತ್ತೆ ಹೆದರಬೇಕಾದದ್ದು ಯಾವುದಕ್ಕೆ, ಅಳಿಯಂದಿರೇ?

ಭಾವ: ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟು, ಇಟ್ಟಿಗೆಯ ಸಂದುಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಸಾಗುವ ಬಿರುಕಿಗೆ. ಅದರ ಒಂದು ತುದಿ ಅಗಲ, ಇನ್ನೊಂದು ಸಪೂರವಾಗಿದ್ದರೆ ಅಡಿಪಾಯ ಒಂದು ಕಡೆ ಇಳಿದಿರಬಹುದು. ತೊಲೆಯ ತಳದಲ್ಲಿ ತುಕ್ಕಿನ ಕಲೆ ಕಂಡರೂ ಎಚ್ಚರ. ಒಳಗಿನ ಕಬ್ಬಿಣ ತುಕ್ಕು ಹಿಡಿದು ಊದಿಕೊಂಡು ಕಾಂಕ್ರೀಟನ್ನೇ ಸಿಡಿಸುತ್ತದೆ.

ಅಕ್ಕ: ಫೋಟೊ ಯಾರೂ ಸರಿಯಾಗಿ ನೋಡಲಿಲ್ಲವೇ? ಮನೆಗೆಲ್ಲ ಮಾಸಿದ ಬಣ್ಣ, ಮೆಟ್ಟಿಲ ಪಕ್ಕದ ಗೋಡೆಗೆ ಮಾತ್ರ ಹೊಸ ಪೇಂಟ್. ನನಗೆ ಅನುಮಾನ ಅಲ್ಲಿದೆ.

ನಾನು: ಮಗು ಗೀಚಿತ್ತಂತೆ ಅಕ್ಕ. ಮಾಲೀಕರೇ ಹೇಳಿದರು.

ಅಕ್ಕ: ಸೂರಿನವರೆಗೂ ಗೀಚುವ ಮಗುವೇ?

ಭಾವ: ಕತ್ತಲಾದ ಮೇಲೆ ಹೋಗು. ಟಾರ್ಚನ್ನು ಗೋಡೆಗೆ ಒತ್ತಿ ಹಿಡಿದು ಪಕ್ಕದಿಂದ ಬೆಳಕು ಬಿಟ್ಟರೆ, ಪುಟ್ಟಿ ತುಂಬಿದ ಜಾಗ ಉಬ್ಬಾಗಿ ಕಾಣುತ್ತದೆ. ನಾಣ್ಯದಿಂದ ತಟ್ಟು, ಟೊಳ್ಳು ಸದ್ದು ಬಂದರೆ ಗಾರೆ ಗೋಡೆಯನ್ನು ಬಿಟ್ಟಿದೆ. ಅದೇ ಗೋಡೆಯ ಹೊರಮೈಯನ್ನೂ ನೋಡು. ಒಳಗೆ ಮುಚ್ಚಿದವರು ಹೊರಗಡೆ ಮರೆತಿರುತ್ತಾರೆ.

ದೊಡ್ಡಪ್ಪ: ಇಷ್ಟೆಲ್ಲ ಪಾಡುಪಡುವುದಕ್ಕಿಂತ ಬೇರೆ ಮನೆ ಹುಡುಕುವುದು ಲೇಸು.

ನಾನು: ಆ ಮನೆಯನ್ನೂ ತಟ್ಟಲೇಬೇಕಲ್ಲ, ದೊಡ್ಡಪ್ಪ.

ಭಾವ: ರಿಪೇರಿ ಮಾಡಿಸಿದ್ದರೆ ತಪ್ಪೇನಿಲ್ಲ. ಯಾವಾಗ, ಏಕೆ ಎಂದು ಕೇಳು, ಬಿಲ್ಲು ತೋರಿಸಲಿ. ಕಾರಣ ಸರಿಪಡಿಸದೆ ಬರೀ ಬಿರುಕು ಮುಚ್ಚಿದ್ದರೆ ಅದು ಮತ್ತೆ ತೆರೆದುಕೊಳ್ಳುತ್ತದೆ. ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸಿ ಕೆಲವು ತಿಂಗಳು ಕಾದರೆ ಗೊತ್ತಾಗುತ್ತದೆ. ಗಾಜು ಒಡೆದರೆ ಗೋಡೆ ಇನ್ನೂ ಅಲುಗುತ್ತಿದೆ.

ನಾನು: ಅಷ್ಟು ದಿನ ಮಾಲೀಕರು ಕಾಯುತ್ತಾರೆಯೇ ಭಾವ?

ಭಾವ: ಕಾಯುವುದಿಲ್ಲ. ಅದಕ್ಕೇ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಕರೆದುಕೊಂಡು ಹೋಗು. ಮಾಲೀಕರ ಪರಿಚಯದವರು ಬೇಡ.

ದೊಡ್ಡಪ್ಪ: ಮುಂಗಡ ಕೊಟ್ಟಿಲ್ಲ ತಾನೆ?

ನಾನು: ಇಲ್ಲ. ವರದಿ ಕೈಗೆ ಬಂದ ಮೇಲೆಯೇ ಕೊಡುತ್ತೇನೆ.

ದೊಡ್ಡಪ್ಪ: ಎಂಜಿನಿಯರ್ ಬರುವ ದಿನ ತಿಳಿಸು, ನಾನೂ ಬರುತ್ತೇನೆ. ಒಪ್ಪಿದ್ದೇನೆ ಎಂದಲ್ಲ.